ನಮ್ಮ ಮನೆಯೊಳಗೆ ಬಂದು ಮಲಗಿರುವ ಕೆಂಪು ಗೆರೆಯವರಿಗೆ

ಮಾನ್ಯ ಕೆಂಪು ಗೆರೆಯವರೇ,

ಎಡಗೋಡೆಯಿಂದ ಇಳಿದು, ನೆಲದ ಮೇಲೆ ಉದ್ದಕ್ಕೆ ಮಲಗಿ, ಅಪ್ಪನ ಕಟಿಂಗ್ ಮೇಜಿನ ಕೆಳಗೆ ನುಸುಳಿ, ಬಲಗೋಡೆಯನ್ನು ಕನ್ನಡಿಯವರೆಗೂ ಹತ್ತಿ ನಿಂತಿರುವ ತಮಗೆ, ತಮ್ಮನ್ನು ದಿನವೂ ದಾಟಿಕೊಂಡು ಓಡಾಡುವ ಈ ಮನೆಯ ಎಲ್ಲರ ಪರವಾಗಿ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಬೀದಿಯಲ್ಲಿರುವ ತಮ್ಮ ಬಂಧುಗಳು ಬಿಸಿಲಿಗೆ ಬಾಡಿ, ಚಕ್ರಗಳ ಕೆಳಗೆ ಸವೆದು ಹೋಗುತ್ತಿರುವಾಗ ತಾವು ಮಾತ್ರ ನಮ್ಮ ಸೂರಿನ ಕೆಳಗೆ, ಫ್ಯಾನಿನ ಗಾಳಿಯಲ್ಲಿ, ದಿನಕ್ಕೆರಡು ಸಲ ಅಮ್ಮನ ಕೈಯಿಂದ ಒರೆಸಿಕೊಂಡು ಮೊದಲ ದಿನದಷ್ಟೇ ಹೊಳಪಾಗಿ ಉಳಿದಿದ್ದೀರಿ. ನಮ್ಮ ಮನೆಯಲ್ಲಿ ಇಷ್ಟು ಆರೈಕೆ ಬೇರೆ ಯಾರಿಗೂ ಸಿಕ್ಕಿಲ್ಲ.

ಈ ಪತ್ರವನ್ನು ನ್ಯಾಯವಾಗಿ ತಮ್ಮನ್ನು ಬಳಿದ ಕಚೇರಿಗೆ ಬರೆಯಬೇಕಿತ್ತು. ಆದರೆ ಅಧಿಕಾರಿಗಳ ಮುಂದೆ ನಿಂತರೆ ನನ್ನ ನಾಲಿಗೆ ಒಣಗಿ ಅಂಗುಳಿಗೆ ಅಂಟಿಕೊಳ್ಳುತ್ತದೆ. ತಮ್ಮ ವಿಷಯ ಹಾಗಲ್ಲ. ತಾವು ನೆಲದ ಮೇಲೆ ಮಲಗುವವರು, ನಾನು ನೆಲದ ಮೇಲೆ ಕೂತು ಷರ್ಟುಗಳಿಗೆ ಗುಂಡಿ ತೂರುವ ಕಾಜಾ ಹೊಲಿಯುವವಳು. ಇಷ್ಟು ದಿನದಲ್ಲಿ ಒಬ್ಬರ ಮುಖ ಒಬ್ಬರಿಗೆ ಚೆನ್ನಾಗಿ ಪರಿಚಯವಾಗಿದೆ. ಮೇಲಾಗಿ ತಾವು ಮಧ್ಯೆ ಬಾಯಿ ಹಾಕುವುದಿಲ್ಲ. ನಮ್ಮ ಮನೆಯಲ್ಲಿ ಆ ಗುಣ ಇರುವುದು ತಮಗೊಬ್ಬರಿಗೇ. ಆದ್ದರಿಂದ ನಮ್ಮ ದೂರನ್ನು ತಮ್ಮ ಪಾದಕ್ಕೇ ಒಪ್ಪಿಸುತ್ತಿದ್ದೇನೆ. ಪಾದ ಯಾವ ಗೋಡೆಯ ಕಡೆಗಿದೆ, ತಲೆ ಯಾವ ಗೋಡೆಯ ಕಡೆಗಿದೆ ಎಂದು ತಿಳಿಯದ ಕಾರಣ ನಡುಮಧ್ಯದಲ್ಲಿ ಕೂತು ಬರೆಯುತ್ತಿದ್ದೇನೆ, ಕ್ಷಮಿಸಬೇಕು.

ತಾವು ನಮ್ಮ ಮನೆಗೆ ಬಂದ ದಿನ ತಮಗೆ ನೆನಪಿರಲಾರದು, ಏಕೆಂದರೆ ಆಗ ತಾವು ಇನ್ನೂ ಡಬ್ಬಿಯೊಳಗಿದ್ದಿರಿ. ಬೆಳಿಗ್ಗೆ ಷಟರ್ ಅರ್ಧ ಎತ್ತಿದ್ದೆವಷ್ಟೆ. ಅಳತೆಯ ಸಾಹೇಬರು ಬಗ್ಗಿ ಒಳಗೆ ಬಂದರು. ಅವರ ಹಿಂದೆ ಬಣ್ಣದವನು ತಮ್ಮನ್ನು ಹಿಡಿದುಕೊಂಡು ಬಂದ. ಷರ್ಟಿನ ಅಳತೆಗೆ ಬಂದವರೆಂದು ತಿಳಿದು ಅಪ್ಪ ಕೊರಳಿಗೆ ಟೇಪು ಹಾಕಿಕೊಂಡು ಎದ್ದರು. ಸಾಹೇಬರೂ ತಮ್ಮ ಟೇಪು ತೆಗೆದರು. ಎರಡು ಟೇಪುಗಳು ಎದುರುಬದುರಾಗಿ ನಿಂತ ಆ ಗಳಿಗೆಯಲ್ಲಿ ಯಾರು ಯಾರ ಅಳತೆ ತೆಗೆಯಬೇಕೆಂದು ಸ್ವಲ್ಪ ಗೊಂದಲವಾಗಿದ್ದು ನಿಜ. ಸಾಹೇಬರ ಟೇಪು ಉದ್ದವಿತ್ತು, ಅವರು ಗೆದ್ದರು.

ಬೀದಿ ಅಗಲವಾಗಬೇಕಂತೆ. ನಮ್ಮ ಸಾಲಿನಲ್ಲಿ ಬೀದಿಯ ಕಡೆಗೆ ಮುಂದೆ ಚಾಚಿಕೊಂಡ ಕಟ್ಟಡಗಳು ಎರಡೇ: ಒಂದು ನಮ್ಮ ಮನೆ, ಇನ್ನೊಂದು ಮೂಲೆಯ ದೊಡ್ಡ ಹೋಟೆಲು. ಹೋಟೆಲು ಚಾಚಿಕೊಂಡಿರುವುದು ಕಾರು ನಿಲ್ಲಿಸಲು. ನಾವು ಚಾಚಿಕೊಂಡಿರುವುದು ಹೊಟ್ಟೆ ಹೊರೆಯಲು. ಈ ಮುಂದಿನ ಕೋಣೆಯೇ ನಮ್ಮ ಅಂಗಡಿ. ಹಿಂದಿನ ಕೋಣೆಗೆ ಕಿಟಕಿಯಿಲ್ಲ. ಅಲ್ಲಿ ಮಲಗಬಹುದು, ಸಾರು ಕುದಿಸಬಹುದು, ಜಗಳವಾಡಬಹುದು, ಆದರೆ ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ. ತಾವು ಮಲಗಿದ ಜಾಗದಿಂದ ಬೀದಿಯವರೆಗಿನ ನೆಲ ಹೋದರೆ ಅಪ್ಪನ ಮೇಜು, ಅಮ್ಮನ ಮೆಷಿನು, ಬೆಳಕು, ಬಾಗಿಲು ಎಲ್ಲವೂ ಒಟ್ಟಿಗೆ ಹೋಗುತ್ತವೆ. ನಮಗುಳಿಯುವುದು ಮಲಗುವ ಕೋಣೆ, ಮಲಗಿಕೊಂಡೇ ಇರಲು. ಅಪ್ಪ ಈ ವಯಸ್ಸಿನಲ್ಲಿ ಊರಾಚೆಯ ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗಿ, ಹಗಲೆಲ್ಲ ನಿಂತು, ಒಂದೇ ಅಳತೆಯ ಕಾಲರನ್ನು ರಾಶಿಗಟ್ಟಲೆ ಕತ್ತರಿಸಬೇಕಾಗುತ್ತದೆ. ಒಂದೇ ಅಳತೆಯ ಕೊರಳುಗಳು ಲೋಕದಲ್ಲಿ ಎಲ್ಲಿವೆ ಎಂದು ಅವರು ಈಗಲೇ ಕೇಳುತ್ತಿದ್ದಾರೆ.

ಇಷ್ಟಾದರೂ ಅಂದು ತಾವು ನಮ್ಮ ಅತ್ತೆಗೆ ಹೆದರಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅತ್ತೆ ಎಂದರೆ ಅಪ್ಪನ ಅಕ್ಕ. ಅವರು ಕೋಣೆಯ ನಡುವೆ ಕುರ್ಚಿ ಹಾಕಿಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಬಣ್ಣದವನು ಕುರ್ಚಿಯವರೆಗೂ ಬಂದು, ಸ್ವಲ್ಪ ಏಳಿ ಅಮ್ಮಾ ಎಂದ. ಅತ್ತೆ, ಕಾಯಿ ಮುಗಿಯಲಿ ಎಂದರು. ಅವನು ಬುಟ್ಟಿ ನೋಡಿದ, ಬುಟ್ಟಿ ತುಂಬಿತ್ತು. ಅವನಿಗೆ ಬೇರೆ ಮನೆಗಳೂ ಇದ್ದವು. ಕೊನೆಗೆ ತಾವು ಅತ್ತೆಯ ಕುರ್ಚಿಯನ್ನು ಬಳಸಿಕೊಂಡು, ಬೀದಿಯ ಕಡೆಗೆ ಒಂದು ದೊಡ್ಡ ಹೊಟ್ಟೆ ಬಿಟ್ಟುಕೊಂಡು, ಮತ್ತೆ ದಾರಿಗೆ ಬಂದು ಬಲಗೋಡೆ ಸೇರಿದಿರಿ. ಆ ಹೊಟ್ಟೆಯೊಳಗೆ ಅಮ್ಮನ ಮೆಷಿನು ಹಿಡಿಯುವಷ್ಟು ಜಾಗ ನಮಗುಳಿಯಿತು. ಸರ್ಕಾರ ಒಂದು ಕುಟುಂಬಕ್ಕೆ ಇಷ್ಟು ಸುಲಭವಾಗಿ ಜಾಗ ಬಿಟ್ಟುಕೊಟ್ಟ ಉದಾಹರಣೆ ಬೇರೆಲ್ಲಾದರೂ ಇದ್ದರೆ ತಿಳಿಸಬೇಕು. ಅಲ್ಲಿಗೂ ಅತ್ತೆಯನ್ನು ಕಳಿಸುತ್ತೇವೆ.

ಇನ್ನು ನಮ್ಮ ಅಪ್ಪನ ವಿಷಯ. ಅವರಿಗೆ ಒಂದು ಕಾಯಿಲೆ ಇದೆ. ಸೊಟ್ಟ ಗೆರೆ ಕಂಡರೆ ಸಹಿಸಲಾರರು. ಊಟದ ತಟ್ಟೆಯ ಮುಂದೆ ಚಾಪೆ ಓರೆಯಾಗಿದ್ದರೆ ತುತ್ತು ಇಳಿಯುವುದಿಲ್ಲ. ದಾರಿಯಲ್ಲಿ ಯಾರದೋ ಅಂಗಡಿಯ ಬೋರ್ಡು ವಾಲಿದ್ದರೆ ಒಳಗೆ ಹೋಗಿ ಏಣಿ ಕೇಳುತ್ತಾರೆ. ಹಾಲು ಉಕ್ಕಿದ ವಾಸನೆ ಬಂದು ಅತ್ತೆ ಒಳಗೆ ಎದ್ದು ಹೋದರು ನೋಡಿ, ತಮ್ಮ ಆ ಹೊಟ್ಟೆ ಅಪ್ಪನ ಕಣ್ಣಿಗೆ ಬಿತ್ತು. ಅವರು ಸ್ವಲ್ಪ ಹೊತ್ತು ತಡೆದುಕೊಂಡರು. ಕತ್ತರಿ ಎತ್ತಿದರು, ಇಟ್ಟರು. ನೀರು ಕುಡಿದರು. ಆಮೇಲೆ ಮೇಜಿನ ಮೇಲಿದ್ದ ಉದ್ದನೆಯ ಸ್ಕೇಲು ತೆಗೆದುಕೊಂಡು, ಕಿವಿಯ ಹಿಂದಿನ ಚಾಕು ಇಳಿಸಿ, ಅಂದರೆ ನಾವು ಬಟ್ಟೆಗೆ ಗುರುತು ಹಾಕುವ ಚಪ್ಪಟೆ ಸುಣ್ಣದ ಬಿಲ್ಲೆಯನ್ನು ಇಳಿಸಿ, ಮಂಡಿಯೂರಿ, ಎಡಗೋಡೆಯಿಂದ ಬಲಗೋಡೆಯವರೆಗೆ ಕೂದಲೆಳೆಯಷ್ಟೂ ಆಚೀಚೆಯಾಗದ ಒಂದು ಗೆರೆ ಎಳೆದು, ಬಣ್ಣದವನಿಗೆ ಇದರ ಮೇಲೆ ಹೋಗಪ್ಪಾ ಎಂದರು. ಅವನು ಸಂತೋಷದಿಂದ ಹೋದ. ತಾವೂ ಹೋದಿರಿ. ಇನ್ನೂ ಹಸಿಯಾಗಿದ್ದ ಹೊಟ್ಟೆ ಒರೆಸಿಹೋಯಿತು, ಮೆಷಿನು ಸರ್ಕಾರದ ಕಡೆಗೆ ಬಿತ್ತು.

ಅಳತೆಯ ಸಾಹೇಬರು ಇಂಥ ಪ್ರಜೆಯನ್ನು ತಮ್ಮ ಸೇವಾವಧಿಯಲ್ಲೇ ಕಂಡಿರಲಿಲ್ಲವೆಂದು ಕಾಣುತ್ತದೆ. ಫೋನು ತೆಗೆದು, ಮಂಡಿಯೂರಿ ಸ್ಕೇಲು ಹಿಡಿದಿದ್ದ ಅಪ್ಪನ ಫೋಟೋ ತೆಗೆದುಕೊಂಡರು. ಅಪ್ಪ ಫೋಟೋಗೆಂದು ಷರ್ಟಿನ ಮಡಿಕೆಯನ್ನೂ ಸರಿಮಾಡಿಕೊಂಡರು.

ಅತ್ತೆ ಹಾಲಿನ ಪಾತ್ರೆ ಹಿಡಿದುಕೊಂಡು ಹೊರಗೆ ಬಂದವರು ನೆಲ ನೋಡಿದರು, ತಮ್ಮನನ್ನು ನೋಡಿದರು.

"ನಾನು ಕೂತು ಉಳಿಸಿದ್ದನ್ನ ನೀನು ಮಂಡಿ ಊರಿ ಕೊಟ್ಟುಬಿಟ್ಟೆಯಲ್ಲೋ," ಎಂದರು. "ನಿನ್ನ ಕೊರಳಿಗೆ ಹಗ್ಗ ಹಾಕೋಕೆ ಬಂದವನಿಗೂ ಗಂಟು ಓರೆಯಾಗಿದೆ ಅಂತ ಸರಿಮಾಡಿಕೊಡ್ತೀಯ ನೀನು."

ಅಪ್ಪನ ದೃಷ್ಟಿ ಅತ್ತೆಯ ಕೈಯಲ್ಲಿ ವಾಲಿದ್ದ ಪಾತ್ರೆಯ ಮೇಲಿತ್ತು.

ಮಾನ್ಯರೇ, ಆಮೇಲೆ ಬಂದ ನೋಟಿಸಿನಲ್ಲಿ ತಮ್ಮ ಕಚೇರಿಯವರು ಏನು ಬರೆದಿದ್ದರು ಗೊತ್ತೇ? ಸ್ವತ್ತಿನ ಮಾಲೀಕರು ಸಂತೋಷದಿಂದ, ಸ್ವಹಸ್ತದಿಂದ, ಸ್ವಂತ ಸಾಮಗ್ರಿಯಿಂದ ಗಡಿಯನ್ನು ಗುರುತಿಸಿಕೊಟ್ಟು ಸಮ್ಮತಿ ಸೂಚಿಸಿದ್ದಾರೆ, ಭಾವಚಿತ್ರ ಲಗತ್ತಿಸಿದೆ ಎಂದು. ಅಮ್ಮ ಅದನ್ನು ಓದಿಸಿ ಕೇಳಿ ಮೆಷಿನಿನ ಮೇಲೆ ಬಟ್ಟೆ ಹೊದಿಸಿಬಿಟ್ಟರು. ಅಂದು ಸಂಜೆಯವರೆಗೂ ಆ ಮೆಷಿನು ಓಡಲಿಲ್ಲ. ಅದು ಓಡದಿದ್ದರೆ ನಮ್ಮ ಮನೆಯಲ್ಲಿ ಗಡಿಯಾರ ನಿಂತ ಹಾಗೆ.

ಅಲ್ಲಿಂದಾಚೆಗೆ ತಮ್ಮೊಡನೆ ನಡೆಸಿದ ಸಂಸಾರವನ್ನು ಹೊಗಳದೆ ಇರಲಾರೆ. ಒಂದೇ ಕೋಣೆಯಲ್ಲಿ ಕೂತು ಎರಡು ಆಡಳಿತ ಕಂಡ ಪುಣ್ಯ ತಮ್ಮಿಂದ ನಮಗೆ ಬಂತು. ಅಪ್ಪ ಮೇಜಿನ ಮೇಲೆ ಕೋಟಿನ ಬಟ್ಟೆ ಹರಡಿದರೆ ಕಾಲರು ನಮ್ಮದು, ತೋಳು ಸರ್ಕಾರದ್ದು. ಟ್ರಯಲ್ ನೋಡಲು ಬಂದ ಗಿರಾಕಿ ಸರ್ಕಾರದ ನೆಲದಲ್ಲಿ ನಿಂತು ನಮ್ಮ ಗೋಡೆಯ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತಿದ್ದ. ಮೆಷಿನಿನ ಪೆಡಲು ಆಚೆ, ಅಮ್ಮನ ಸ್ಟೂಲು ಈಚೆ. ಕಾಲು ಚಾಚಿದರೆ ಅತಿಕ್ರಮಣ, ಮಡಿಸಿದರೆ ಉಪವಾಸ. ಗುಂಡಿಯೊಂದು ಉರುಳಿ ಆಚೆಗೆ ಹೋದರೆ ತೆಗೆದುಕೊಳ್ಳಬಹುದೋ ಬಾರದೋ ಎಂದು ನಾನು ನಿಜವಾಗಿಯೂ ಯೋಚಿಸುತ್ತಾ ಕೂತದ್ದಿದೆ. ಅತ್ತೆ ಮಾತ್ರ ದಿನವೂ ಕುರ್ಚಿಯನ್ನು ಸರಿಯಾಗಿ ತಮ್ಮ ಮೇಲೇ ಹಾಕಿಕೊಂಡು, ಎರಡು ಕಾಲು ಅಲ್ಲಿ ಎರಡು ಕಾಲು ಇಲ್ಲಿ ಇಟ್ಟು, ಬರುವವರಿಗೆಲ್ಲ ನಾನೀಗ ಗಡಿ ಕಾಯುವ ಕೆಲಸದಲ್ಲಿದ್ದೇನೆ ಎಂದು ಹೇಳುತ್ತಿದ್ದರು.

ತಮ್ಮ ನಡತೆಯಲ್ಲಿ ಎಲ್ಲಕ್ಕಿಂತ ನನಗೆ ಹಿಡಿಸಿದ್ದು ವಿನಯ. ನಮ್ಮ ಮನೆಗೆ ಕದ ತಟ್ಟದೆ ಬಂದ ತಾವು, ಮೂಲೆಯ ಹೋಟೆಲಿನ ಮುಂದೆ ಹೋದಾಗ ಮೆಲ್ಲಗೆ ಸೊಂಟ ಬಳುಕಿಸಿ, ಅವರ ಕಾರುಗಳಿಗೆ ಧೂಳೂ ತಾಗದಂತೆ ಸುತ್ತಿಕೊಂಡು, ಎದುರು ಬದಿಯ ಚರಂಡಿಯ ಅಂಚಿನಲ್ಲಿ ನಡೆದು ಹೋದ ಸೊಬಗನ್ನು ನಾನು ನೋಡಲೆಂದೇ ಒಂದು ದಿನ ಅಲ್ಲಿಯವರೆಗೆ ಹೋಗಿಬಂದೆ. ಅಲ್ಲಿ ತಮ್ಮನ್ನು ನೇರ ಮಾಡಲು ಯಾರೂ ಮಂಡಿಯೂರಿರಲಿಲ್ಲ. ದಯವಿಟ್ಟು ಅಪ್ಪನನ್ನು ಆ ಕಡೆ ಕರೆದುಕೊಂಡು ಹೋಗಬೇಡಿ ಎಂದು ಅಮ್ಮನಿಗೆ ಹೇಳಿದ್ದೇನೆ. ಅವರು ಹೋದರೆ ಸ್ಕೇಲು ಹಿಡಿದೇ ಹೋಗುತ್ತಾರೆ, ಹೋಟೆಲಿನವರು ಫೋಟೋ ತೆಗೆಯುವುದಿಲ್ಲ, ಬೇರೆ ಏನಾದರೂ ತೆಗೆಯುತ್ತಾರೆ.

ಈ ನಡುವೆ ನಮಗೆ ದಿಕ್ಕು ತೋರಿಸಿದವರು ಕರಿಕೋಟಿನ ವಕೀಲರು. ಅವರು ನಮ್ಮ ಹಳೆಯ ಗಿರಾಕಿ. ಅವರ ಕೋಟು ಒಂದೇ, ದೇಹ ಮಾತ್ರ ವರ್ಷವರ್ಷವೂ ಹೊಸದು. ಹಾಗಾಗಿ ಕೋಟನ್ನು ಬಿಚ್ಚಿ ಬಿಚ್ಚಿ ಅಗಲ ಮಾಡುವುದು ಅಪ್ಪನ ಕೆಲಸ. ಆ ಸಲವೂ ಬಂದು ಕೈಗಳನ್ನು ಎತ್ತಿ ನಿಂತರು. ಅಮ್ಮ ಬಾಗಿಲ ಮರೆಯಿಂದ ತಮ್ಮ ವಿಷಯ ಎತ್ತಿದರು. ಸರ್ಕಾರಕ್ಕೆ ಯಾರ ಜಾಗವನ್ನಾದರೂ ತೆಗೆದುಕೊಳ್ಳುವ ಅಧಿಕಾರ ಇದ್ದೇ ಇದೆ ತಾಯಿ ಎಂದರು ವಕೀಲರು. ಅಷ್ಟರಲ್ಲಿ ಅಪ್ಪ ಟೇಪನ್ನು ಅವರ ಹೊಟ್ಟೆಯ ಸುತ್ತ ತಂದರು. ಅಳತೆ ಕಡಿಮೆ ಬರಲೆಂದು ಅವರು ಎಂದಿನಂತೆ ಉಸಿರು ಬಿಗಿಹಿಡಿದರು. ಮಾತು ಅಲ್ಲಿಗೆ ನಿಂತಿತು. ನಮ್ಮ ಜೀವವೂ ನಿಂತಿತು. ಅಪ್ಪ ನಿಧಾನವಾಗಿ ಅಳತೆ ನೋಡಿ, ಇನ್ನೊಮ್ಮೆ ನೋಡಿ, ಟೇಪು ಸಡಿಲಿಸಿದರು; ಆಗ ವಕೀಲರ ಬಾಯಿಂದ ಉಸಿರಿನ ಜೊತೆಗೆ ಆ ಒಂದು ಮಾತು ಬಂತು: ಆದರೆ.

ಮಾನ್ಯರೇ, ಆ 'ಆದರೆ'ಯ ಮುಂದಿನ ಭಾಗವನ್ನು ತಮಗೆ ಯಾರೂ ಹೇಳಿಲ್ಲವೆಂದು ತೋರುತ್ತದೆ. ತಮಗೂ ದಾಟಬಾರದ ಗೆರೆಗಳಿವೆಯಂತೆ. ಮೊದಲನೆಯದಾಗಿ, ತೆಗೆದುಕೊಳ್ಳುವ ಜಾಗ ಜನರೆಲ್ಲರ ಉಪಯೋಗಕ್ಕೆ ಬರಬೇಕಂತೆ, ಯಾರೋ ಒಬ್ಬರ ಆಸೆಗಲ್ಲ. ಕಳೆದುಕೊಳ್ಳುವವರಿಗೆ ಮೊದಲೇ ತಿಳಿಸಬೇಕು, ಅವರು ಬೇಡವೆಂದರೆ ಏಕೆ ಬೇಡವೆಂಬುದನ್ನು ಕೂರಿಸಿಕೊಂಡು ಕೇಳಬೇಕು. ತಕ್ಕ ಪರಿಹಾರ ಕೊಡಬೇಕು. ಕೊಟ್ಟ ಮೇಲೆ ಕೆಡವಬೇಕು, ಕೆಡವಿದ ಮೇಲೆ ಕೊಡುತ್ತೇವೆ ಎನ್ನುವುದಲ್ಲ. ಇದೆಲ್ಲವನ್ನೂ ಅವರು ಎಡತೋಳಿನ ಅಳತೆಗೂ ಬಲತೋಳಿನ ಅಳತೆಗೂ ನಡುವೆ ಹೇಳಿದರು. ಕೊನೆಗೆ ಬೆನ್ನು ತಿರುಗಿಸಿ ನಿಂತಾಗ ಇನ್ನೊಂದನ್ನು ಹೇಳಿದರು: ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ತೆಗೆದುಕೊಳ್ಳಬೇಕು, ಅದಕ್ಕಿಂತ ಒಂದು ಗೇಣು ಹೆಚ್ಚಿಗೆ ಮುಟ್ಟುವಂತಿಲ್ಲ.

ಅಲ್ಲಿಯವರೆಗೆ ಏನೂ ಅರ್ಥವಾಗದವರಂತೆ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದ ಅಪ್ಪ ಸೂಜಿ ತೆಗೆದು, "ಅಂದ್ರೆ ಉಳಿದ ಬಟ್ಟೆ ವಾಪಸ್ ಕೊಡಬೇಕು," ಎಂದರು.

ಇದು ತಮಗೆ ವಿವರಿಸಬೇಕಾದ ಮಾತು. ಗಿರಾಕಿ ತಂದ ಬಟ್ಟೆಯಲ್ಲಿ ಹೊಲಿದು ಉಳಿದದ್ದನ್ನು ಅಪ್ಪ ಇಟ್ಟುಕೊಳ್ಳುವುದಿಲ್ಲ; ಅಂಗೈಯಗಲದ ಚೂರಾದರೂ ಗಂಟು ಕಟ್ಟಿ ಷರ್ಟಿನ ಜೇಬಿಗೇ ಹಾಕಿ ಕೊಡುತ್ತಾರೆ. ಅನೇಕರು ಅದನ್ನು ಬಾಗಿಲಲ್ಲೇ ಎಸೆದು ಹೋಗುತ್ತಾರೆ. ಎಸೆದದ್ದನ್ನೂ ಅವರು ಎತ್ತಿಟ್ಟು, ಮುಂದಿನ ಸಲ ಬಂದಾಗ ಮತ್ತೆ ಕೊಡುತ್ತಾರೆ. ಇದರಿಂದ ಕೆಲವು ಗಿರಾಕಿಗಳು ನಮ್ಮನ್ನು ಬಿಟ್ಟೇ ಹೋಗಿದ್ದಾರೆ.

ವಕೀಲರು ಮುಂದಿನ ಟ್ರಯಲ್ಲಿಗೆ ಬರುವಾಗ ರಸ್ತೆಯ ನಕ್ಷೆಯ ಪ್ರತಿಯೊಂದನ್ನು ತಂದು ತಮ್ಮ ಮೇಲೆಯೇ ಹರಡಿದರು. ಬೀದಿ, ಅದರ ಪಕ್ಕದಲ್ಲಿ ನಡೆಯುವವರ ದಾರಿ, ಎಲ್ಲವೂ ನಮ್ಮ ಮೆಟ್ಟಿಲನ್ನು ನುಂಗಿ ಅಲ್ಲಿಗೇ ಮುಗಿದಿತ್ತು. ಮೆಟ್ಟಿಲಿನಿಂದ ತಮ್ಮವರೆಗೆ, ಅಂದರೆ ಅಮ್ಮನ ಮೆಷಿನು, ಮೇಜು, ಬೆಳಕು ಇರುವ ನೆಲದ ಮೇಲೆ, ಸಣ್ಣ ಸಣ್ಣ ಹಸಿರು ಉರುಟುಗಳು ಸಾಲಾಗಿದ್ದವು. ನಾನು ಗುಂಡಿಗಳೆಂದುಕೊಂಡೆ, ನಮ್ಮ ಅಂಗಡಿಯೆಂದು ಗುರುತಿಸಿ ಬರೆದಿರಬಹುದೆಂದು ಒಂದು ಕ್ಷಣ ಸಂತೋಷವೂ ಆಯಿತು. ಅವು ಹೂಕುಂಡಗಳು. ನಗರದ ಅಂದಕ್ಕಂತೆ. ತಾವು ನಮ್ಮ ಮನೆಯೊಳಗೆ ಬಂದು ಮಲಗಿದ್ದು ಬಸ್ಸಿಗಾಗಿ ಅಲ್ಲ, ನಡೆಯುವವರಿಗಾಗಿ ಅಲ್ಲ. ಹೂವಿನ ಕುಂಡಗಳಿಗೆ ಜಾಗ ಹಿಡಿಯಲು. ಆ ದಿನ ನನಗೆ ತಮ್ಮ ಮೇಲಿದ್ದ ಗೌರವ ಇಮ್ಮಡಿಯಾಯಿತು. ರಸಿಕರು ತಾವು.

ಇಷ್ಟಿದ್ದರೂ ವಕೀಲರು ತಲೆ ಕೆರೆದುಕೊಂಡರು. ಹೂಕುಂಡದ ಮಾತು ವಿಚಾರಣೆಯಲ್ಲಿ ನಿಲ್ಲುತ್ತದೆ ಮಾಸ್ಟರ್, ಆದರೆ ನಿಮ್ಮ ಫೋಟೋ ಒಂದಿದೆಯಲ್ಲ, ಒಪ್ಪಿ ಕೊಟ್ಟವರಿಗೆ ಆಕ್ಷೇಪಣೆ ಎಲ್ಲಿಂದ ಬರಬೇಕು ಎಂದರು. ಅಪ್ಪ ತಲೆ ತಗ್ಗಿಸಿದರು. ಅತ್ತೆ ತಲೆ ಎತ್ತಿದರು. ಆ ಸಂಜೆ ಅತ್ತೆ ಆಡಿದ ಮಾತುಗಳನ್ನು ತಾವೂ ಕೇಳಿಸಿಕೊಂಡಿರುವಿರಿ, ಪತ್ರದಲ್ಲಿ ಬರೆಯುವಂಥವಲ್ಲ.

ಆದರೂ ವಕೀಲರು ಬರೆದುಕೊಟ್ಟ ಆಕ್ಷೇಪಣೆಯ ವಿಚಾರಣೆಯ ದಿನ ನಾವು ನಾಲ್ವರೂ ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು ಹೊರಟೆವು. ವಕೀಲರು ಅಗಲ ಮಾಡಿದ ಕೋಟಿನಲ್ಲಿ ಬಂದಿದ್ದರು. ಕಚೇರಿಯ ಕೋಣೆಯಲ್ಲಿ ಗೋಡೆಯುದ್ದಕ್ಕೂ ಬೆಂಚು, ಎದುರಿಗೆ ವಿಚಾರಣೆ ನಡೆಸುವ ಅಧಿಕಾರಿ ಮೇಡಂ ಅವರ ಮೇಜು, ಅವರ ಹಿಂದಿನ ಗೋಡೆಗೆ ನಮ್ಮ ಬೀದಿಯ ದೊಡ್ಡ ನಕ್ಷೆ. ನಕ್ಷೆಯ ಒಂದು ಮೂಲೆಯ ಮೊಳೆ ಬಿದ್ದುಹೋಗಿ ಅದು ಓರೆಯಾಗಿ ಜೋತುಬಿದ್ದಿತ್ತು. ಅದನ್ನು ಮೊದಲು ನೋಡಿದವಳು ನಾನೇ. ತಕ್ಷಣ ಅಪ್ಪನ ಮುಖ ನೋಡಿದೆ. ಅವರೂ ನೋಡಿಯಾಗಿತ್ತು. ನಾನು ಅವರ ತೋಳನ್ನು ಹಿಡಿದುಕೊಂಡು ಕೂತೆ.

ಅಳತೆಯ ಸಾಹೇಬರು ಫೋಟೋ ಮುಂದಿಟ್ಟರು. ಇದು ನೀವೇ ಏನು ಎಂದು ಮೇಡಂ ಕೇಳಿದರು. ಹೌದು ಎಂದರು ಅಪ್ಪ. ಈ ಗೆರೆ ಎಳೆದದ್ದೂ ನೀವೇ? ಹೌದು. ಯಾರಾದರೂ ಬಲವಂತ ಮಾಡಿದರೇ? ಇಲ್ಲ. ವಕೀಲರು ಎದ್ದು ನಿಂತು, ಮಾತಿನ ಎಳೆಯನ್ನು ಎಲ್ಲಿಂದ ಹಿಡಿದು ಎಳೆಯಬೇಕೆಂದು ತಿಳಿಯದೆ, ಕೋಟಿನ ಗುಂಡಿ ಹಾಕಿಕೊಂಡು ಮತ್ತೆ ಕೂತರು. ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದರು. ನಾನು ಬಾಯಿ ತೆರೆಯಬೇಕೆಂದುಕೊಂಡೆ. ಬಾಯಿ ತೆರೆಯಿತು, ಮಾತು ಬರಲಿಲ್ಲ, ಮತ್ತೆ ಮುಚ್ಚಿದೆ. ಅಷ್ಟು ಹೊತ್ತಿಗೆ ಅಪ್ಪನ ತೋಳು ನನ್ನ ಕೈಯಿಂದ ಜಾರಿತ್ತು.

ಮೇಡಂ ಕುರ್ಚಿಯಿಂದ ಎದ್ದು, ಮೆಟ್ಟಿಲು ಎಲ್ಲಿ ಬರುತ್ತದೆ ತೋರಿಸಿ ಎಂದು ಸಾಹೇಬರನ್ನು ನಕ್ಷೆಯ ಹತ್ತಿರ ಕರೆದಿದ್ದರು. ನಕ್ಷೆ ವಾಲಿದ್ದರಿಂದ ಇಬ್ಬರೂ ಕತ್ತು ಓರೆ ಮಾಡಿ ಹುಡುಕುತ್ತಿದ್ದರು. ಅಪ್ಪ ಸದ್ದಿಲ್ಲದೆ ಹೋಗಿ, ಇಬ್ಬರ ನಡುವೆ ಕೈ ತೂರಿಸಿ, ಬಿದ್ದ ಮೂಲೆಯನ್ನು ಎತ್ತಿ, ಒಂದು ಕಣ್ಣು ಮುಚ್ಚಿ ನೇರ ನೋಡಿ, ತಮ್ಮ ಕಾಲರಿನ ಹಿಂದೆ ಸಿಕ್ಕಿಸಿಕೊಂಡಿದ್ದ ಗುಂಡುಸೂಜಿ ತೆಗೆದು, ಗೋಡೆಯ ಹಳೆಯ ತೂತಿಗೇ ಚುಚ್ಚಿ ನಿಲ್ಲಿಸಿದರು.

ಮೇಡಂ ಓರೆ ಮಾಡಿದ್ದ ಕತ್ತನ್ನು ನೆಟ್ಟಗೆ ಮಾಡಿಕೊಂಡರು.

"ಏನ್ ಮಾಡಿದ್ರಿ?" ಎಂದರು ಮೇಡಂ.

"ಸೊಟ್ಟಗಿತ್ತು ಮೇಡಂ," ಎಂದರು ಅಪ್ಪ.

ಬೆಂಚಿನ ಕೊನೆಯಿಂದ ಅತ್ತೆ ಎದ್ದರು. ಅವರು ದನಿ ಎತ್ತಲಿಲ್ಲ. ದನಿ ಎತ್ತದಿದ್ದಾಗಲೇ ನಮಗೆ ಹೆಚ್ಚು ಭಯ. "ಮೇಡಂ, ಇದರ ಫೋಟೋನೂ ತೆಗೀರಿ," ಎಂದರು. "ಅವನು ಗೆರೆ ನೆಟ್ಟಗೆ ಮಾಡಿದ್ದಕ್ಕೆ ನಮ್ಮ ಮನೆ ನಿಮ್ಮದಾಯ್ತಲ್ಲ, ಹಾಗಾದ್ರೆ ಈಗ ಈ ನಕ್ಷೆ ನಮ್ಮದಾ? ಮಡಚಿಕೊಂಡು ಹೋಗಬಹುದಾ?"

ಮೇಡಂ ನಗಲಿಲ್ಲ. ನೆಟ್ಟಗಾದ ನಕ್ಷೆಯನ್ನು ಒಮ್ಮೆ, ಫೋಟೋವನ್ನು ಒಮ್ಮೆ, ಎರಡರ ನಡುವೆ ಏನೂ ತಿಳಿಯದೆ ನಿಂತಿದ್ದ ಅಪ್ಪನನ್ನು ಒಮ್ಮೆ ನೋಡಿದರು. ಆಮೇಲೆ ಹಸಿರು ಉರುಟುಗಳ ಮೇಲೆ ಬೆರಳಿಟ್ಟು, ಇವು ಇಲ್ಲದಿದ್ದರೆ ಬಸ್ಸು ಓಡುವುದಿಲ್ಲವೇ ಎಂದು ಸಾಹೇಬರನ್ನು ಕೇಳಿದರು. ಓಡುತ್ತದೆ ಎಂದರು ಸಾಹೇಬರು. ಜನ ನಡೆಯುವುದಿಲ್ಲವೇ? ನಡೆಯುತ್ತಾರೆ. ಕುಂಡಗಳನ್ನು ಇಲ್ಲಿಯೇ ಇಡಬೇಕೆಂದು ಏನಾದರೂ ಇದೆಯೇ? ಸಾಹೇಬರು ಸ್ವಲ್ಪ ಹೊತ್ತು ಯೋಚಿಸಿ, ಚೆನ್ನಾಗಿ ಕಾಣುತ್ತೆ ಮೇಡಂ ಎಂದರು. ಮೇಡಂ ಪೆನ್ನಿನ ಮುಚ್ಚಳ ತೆಗೆದರು.

ಆದೇಶ ಬಂದದ್ದು ಆಮೇಲೆ. ವಕೀಲರೇ ತಂದು ನಿಂತುಕೊಂಡು ಓದಿದರು. ರಸ್ತೆಗೆ ಬೇಕಾದ ಮೆಟ್ಟಿಲು, ಅದರ ಮೇಲಿನ ತಗಡಿನ ಚಪ್ಪರ, ನಮ್ಮ ಬೋರ್ಡು ಇದ್ದ ಕಂಬ, ಇಷ್ಟನ್ನು ತಕ್ಕ ಪರಿಹಾರ ಕೊಟ್ಟು ತೆಗೆದುಕೊಳ್ಳುವುದು. ಕೋಣೆಯನ್ನು ಮುಟ್ಟದೆ ಬಿಡುವುದು. ಒಬ್ಬ ಮನುಷ್ಯ ಗೆರೆಯನ್ನು ನೇರ ಮಾಡಿದ ಮಾತ್ರಕ್ಕೆ ಆ ಗೆರೆಯ ಆಚೆಗಿನದನ್ನು ಬಿಟ್ಟುಕೊಟ್ಟನೆಂದು ತಿಳಿಯಲಾಗದು, ಕುಂಡಗಳಿಗೆ ಬೇರೆ ಜಾಗ ನೋಡುವುದು. ಅಮ್ಮ ಮೆಷಿನಿನ ಮೇಲಿನ ಹೊದಿಕೆ ತೆಗೆದು, ಸ್ಟೂಲು ಎಳೆದುಕೊಂಡು, ಬಟ್ಟೆಯಿಲ್ಲದೆ, ದಾರವಿಲ್ಲದೆ ಸುಮ್ಮನೆ ಪೆಡಲು ತುಳಿದರು. ಬರಿ ಮೆಷಿನು ಓಡಿಸಬಾರದು, ಸೂಜಿ ಹಾಳಾಗುತ್ತದೆ ಎಂದು ದಿನಾ ನನಗೆ ಬೈಯುವವರು ಅವರು.

ಮೆಟ್ಟಿಲು ಹೋಗಿದೆ. ಈಗ ಬಾಗಿಲಿನಿಂದ ನೇರವಾಗಿ ಬೀದಿಗೇ ಕಾಲಿಡಬೇಕು. ಸಂಜೆ ಅತ್ತೆ ಕೂತು ಬೀದಿಯ ನ್ಯಾಯ ತೀರಿಸುತ್ತಿದ್ದ ಜಾಗ ಅದು. ನನಗೂ ಅಲ್ಲಿ ಕೂತು ಬೆಳಕು ಇರುವಷ್ಟು ಹೊತ್ತು ಕಾಜಾ ಹೊಲಿಯುವ ಅಭ್ಯಾಸವಿತ್ತು. ಆದರೂ ಅಗಲವಾದ ಬೀದಿಯಲ್ಲಿ ಬಸ್ಸು ಬರುವುದು ಸುಳ್ಳಲ್ಲ, ಅದರಲ್ಲಿ ನಾವೂ ಹತ್ತುತ್ತೇವೆ. ಆ ಬಗ್ಗೆ ನಮ್ಮ ದೂರಿಲ್ಲ.

ದೂರು ಇರುವುದು ತಮ್ಮ ಬಗ್ಗೆ. ಆದೇಶ ಬಂದ ಮೇಲೂ ತಾವು ಇಲ್ಲೇ ಮಲಗಿದ್ದೀರಿ. ಅಮ್ಮ ಸೀಮೆಎಣ್ಣೆ ಹಾಕಿ ಉಜ್ಜಿದರು. ತಾವು ಇನ್ನಷ್ಟು ಹೊಳೆದಿರಿ. ಅಪ್ಪ ಕಚೇರಿಗೆ ಹೋಗಿ, ದಯವಿಟ್ಟು ನಿಮ್ಮ ಗೆರೆಯನ್ನು ಕರೆದುಕೊಂಡು ಹೋಗಿ ಎಂದು ಕೇಳಿದರು. ಗೆರೆ ಎಳೆಯಲು ಒಂದು ವಿಭಾಗವಿದೆ, ಅಳಿಸಲು ಯಾವ ವಿಭಾಗವೂ ಇಲ್ಲ ಎಂದು ತಿಳಿದುಬಂತು. ನಾವೇ ಕೆರೆದು ಹಾಕುತ್ತೇವೆ ಎಂದರೆ, ನೆಲ ನಿಮ್ಮದು, ಬಣ್ಣ ಸರ್ಕಾರದ್ದು, ಸರ್ಕಾರದ ಸ್ವತ್ತಿಗೆ ಹಾನಿ ಮಾಡಬೇಡಿ ಎಂದರಂತೆ. ಅಪ್ಪ ಅದನ್ನು ನಂಬಿಕೊಂಡು ಮನೆಗೆ ಬಂದರು.

ಆದ್ದರಿಂದ ಮಾನ್ಯರೇ, ತಮ್ಮ ಕಡೆಯವರು ಪಾಲಿಸಬೇಕಾದ ನಿಯಮಗಳನ್ನೇ ಹಿಡಿದು ಈ ಪತ್ರದ ಮೂಲಕ ತಮಗೆ ನೋಟಿಸು ಕೊಡುತ್ತಿದ್ದೇನೆ. ತಾವು ನಮ್ಮ ನೆಲದಲ್ಲಿ ತಮ್ಮ ದಪ್ಪದಷ್ಟು ಜಾಗವನ್ನು ಹಿಡಿದುಕೊಂಡಿದ್ದೀರಿ. ಅದರಿಂದ ಯಾವ ಸಾರ್ವಜನಿಕರಿಗೆ ಏನು ಉಪಯೋಗ ಎಂಬುದನ್ನು ತಾವು ತೋರಿಸಬೇಕು. ಗಿರಾಕಿಗಳು ಎಡವುತ್ತಾರೆ ಎಂಬುದು ಉಪಯೋಗವಲ್ಲ. ತಮಗೇನಾದರೂ ಆಕ್ಷೇಪಣೆ ಇದ್ದರೆ ನಾವು ಕೂರಿಸಿಕೊಂಡು ಕೇಳಲು ಸಿದ್ಧ. ವಿಚಾರಣೆಯನ್ನು ಅತ್ತೆ ನಡೆಸುತ್ತಾರೆ, ಅವರ ಕುರ್ಚಿ ಈಗಾಗಲೇ ತಮ್ಮ ಮೇಲಿದೆ. ತಕ್ಕ ಪರಿಹಾರವಾಗಿ ಮೂಲೆಯ ಹೋಟೆಲಿನ ಅಂಗಳದಲ್ಲಿ ವಿಶಾಲವಾದ, ಸೊಂಪಾದ, ಕಾರಿನ ನೆರಳು ಬೀಳುವ ಜಾಗವನ್ನು ಸೂಚಿಸುತ್ತೇವೆ. ಅಲ್ಲಿ ನೇರವಾಗಿ ಮಲಗಲು ಒಪ್ಪುವುದಾದರೆ ಎಳೆದುಕೊಡಲು ಅಪ್ಪ ಇದ್ದಾರೆ. ಬೇಡವಾದರೆ ತಮ್ಮನ್ನು ಬಳಿದ ಕಚೇರಿಗೇ ಹೋಗಿ, ಅಳತೆಯ ಸಾಹೇಬರ ಕುರ್ಚಿಗೂ ಮೇಜಿಗೂ ನಡುವೆ ಕೆಲವು ದಿನ ಮಲಗಿರಬೇಕೆಂದು ವಿನಂತಿ. ಪೆನ್ನು ಆಚೆ ಉರುಳಿದರೆ ತೆಗೆದುಕೊಳ್ಳಬಹುದೋ ಬಾರದೋ ಎಂದು ಅವರೂ ಸ್ವಲ್ಪ ಯೋಚಿಸಲಿ.

ಇವು ಯಾವುವೂ ಆಗದಿದ್ದರೆ ಇಲ್ಲೇ ಇರಿ, ಆದರೆ ಕೆಲಸ ಮಾಡಿ. ಹೇಗೂ ಅಪ್ಪ ಈಚೆಗೆ ಉದ್ದನೆಯ ಪರದೆ ಬಟ್ಟೆಗಳನ್ನು ನೆಲದ ಮೇಲೆ ಹಾಸಿ, ಅಂಚನ್ನು ತಮಗೆ ಹೊಂದಿಸಿ ಕತ್ತರಿಸುತ್ತಿದ್ದಾರೆ. ಇಷ್ಟು ನೇರವಾದ ಗೆರೆ ಈ ಬೀದಿಯಲ್ಲೇ ಇಲ್ಲವೆಂದು ಗಿರಾಕಿಗಳಿಗೆ ತೋರಿಸಿ ಹೊಗಳುವುದನ್ನೂ ಕೇಳಿದ್ದೇನೆ. ಅದನ್ನು ಎಳೆದದ್ದು ತಾನೇ ಎಂಬುದನ್ನು ಮಾತ್ರ ಅಪ್ಪ ಹೇಳುವುದಿಲ್ಲ. ಅತ್ತೆ ಹತ್ತಿರದಲ್ಲೇ ಕೂತಿರುತ್ತಾರೆ.

ತಮ್ಮಿಂದ ಒಂದು ಗೇಣು ಈಚೆಗೆ ಕೂತಿರುವ,
ತಮ್ಮ ವಿಶ್ವಾಸಿ,
ಕಾಜಾ ಹೊಲಿಯುವ ಮಗಳು

ಮರೆತ ಮಾತು: ಚರಂಡಿ ಅಗಲ ಮಾಡಲೆಂದು ನಿನ್ನೆ ನಮ್ಮ ಹಿತ್ತಲಿಗೆ ತಮ್ಮ ತಮ್ಮಂದಿರಲ್ಲೊಬ್ಬರು ಬಂದು ಗೋಡೆಯ ಮೇಲೆ ನಿಂತಿದ್ದಾರೆ, ತಮ್ಮಷ್ಟು ಶಿಸ್ತಿಲ್ಲ, ತೀರಾ ಸೊಟ್ಟ. ಅತ್ತೆ ಮನೆಯಲ್ಲಿದ್ದ ಗೆರೆ ಎಳೆಯುವ ಚಾಕನ್ನೆಲ್ಲ ಒಟ್ಟುಮಾಡಿ ಸೊಂಟದ ಚೀಲಕ್ಕೆ ತುಂಬಿಕೊಂಡು ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿದ್ದಾರೆ. ಅಪ್ಪ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದಾರೆ, ಆದರೆ ಕಣ್ಣು ಅಲ್ಲೇ ಇದೆ. ತಾವು ಹಿರಿಯರು, ನೆಟ್ಟಗೆ ನಡೆಯುವುದು ಹೇಗೆಂದು ದಯವಿಟ್ಟು ಅವರಿಗೆ ಬೇಗ ಹೇಳಿಕೊಡಿ. ನಮ್ಮ ಮನೆಯವರು ಕಲಿಸಲು ಹೋದರೆ ಹಿತ್ತಲು ಉಳಿಯುವುದಿಲ್ಲ.